ನಮ್ಮನೆ ಅಂದ್ರೆ ನಿಮ್ಮನೆ

ಹೊಸಮನೆಯ ಅಬ್ಬಾಸ್ ಅಲಿಗೆ ಶಿವಮೊಗ್ಗದಲ್ಲಿ ಶತ್ರುಗಳು ಅಂತ ಯಾರೂ ಇರಲಿಲ್ಲ. ಆ ಕೆಲಸಕ್ಕೆ ಅವನ ಬಾಯಿಯೊಂದೇ ಸಾಕಾಗಿತ್ತು.

ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಬೈಕು, ಸ್ಕೂಟರುಗಳಿಗೆ ಸೀಟ್ ಕವರ್ ಹೊಲಿದು ಹಾಕುವ ಅಂಗಡಿ ಅವನದು. ಮಷೀನಿನ ಸೂಜಿ ಒಂದು ಸಾಲು ಮುಗಿಸುವಷ್ಟರಲ್ಲಿ ಅವನ ಬಾಯಿ ಗಿರಾಕಿಯ ಊರು, ಕೇರಿ, ಬೀಗರ ಮನೆ ಎಲ್ಲವನ್ನೂ ಸುತ್ತಿ ಬಂದಿರುತ್ತಿತ್ತು. ಗಿರಾಕಿ ಹೊರಡುವಾಗ ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು ಕೈಗಿಟ್ಟು, "ಒಂದ್ಸಲ ಮನೆಗೆ ಬನ್ನಿ. ನಮ್ಮನೆ ಅಂದ್ರೆ ನಿಮ್ಮನೆ" ಅನ್ನುತ್ತಿದ್ದ. ಕಾರ್ಡಿನ ಮುಂದೆ ಅಂಗಡಿಯ ಹೆಸರು, ಹಿಂದೆ ಮನೆಗೆ ಹೋಗುವ ದಾರಿಯ ನಕ್ಷೆ.

ಹೀಗೆ ಹೇಳುವುದು ನಮ್ಮ ಕಡೆ ಎಲ್ಲರಿಗೂ ಇರುವ ರೂಢಿ. ಹೇಳಿದವರು ಹಾಸಿಗೆ ಹಾಸುವುದಿಲ್ಲ, ಕೇಳಿದವರು ಗಂಟು ಕಟ್ಟುವುದಿಲ್ಲ. ಆದರೆ ಅಬ್ಬಾಸ್ ಅಲಿ ಅದನ್ನು ಎಷ್ಟು ಅಕ್ಕರೆಯಿಂದ ಹೇಳುತ್ತಿದ್ದನೆಂದರೆ ಕೆಲವರು ನಿಜವಾಗಿಯೂ ಬಂದುಬಿಡುತ್ತಿದ್ದರು. ಹೋದ ಬಕ್ರೀದಿಗೆ ಗ್ಯಾಸ್ ಸಿಲಿಂಡರ್ ತರುವವನು ಸಂಸಾರ ಸಮೇತ ಬಂದು ಬಿರಿಯಾನಿ ಉಂಡು, ಮಧ್ಯಾಹ್ನ ಅಲ್ಲೇ ಮಲಗಿ, ಸಂಜೆ ಚಹಾ ಕುಡಿದು ಹೋಗಿದ್ದ. ಅಂದು ಹೆಂಡತಿ ಜಹಾನಾರಾ ಪಾತ್ರೆ ತಿಕ್ಕುತ್ತಾ, "ಯಾ ಅಲ್ಲಾ, ಈ ಮನುಷ್ಯನ ಬಾಯಿಗೆ ಒಂದು ಹದಿನೈದು ದಿನ ಬೀಗ ಹಾಕು" ಎಂದು ಕೇಳಿಕೊಂಡಿದ್ದಳು. ಅಲ್ಲಾಹು ಕೇಳಿದ್ದನ್ನು ಕೊಡುತ್ತಾನೆ, ತಡ ಮಾಡುತ್ತಾನೆ ಅಷ್ಟೇ.

ಹೊರಗಿನವರ ವಿಷಯ ಹಾಗಿರಲಿ. ಈ ಬಾಯಿ ಮಗಳು ಇರಂಗೂ ಹುಟ್ಟಿದಾಗಿನಿಂದ ಮಾತು ಕೊಡುತ್ತಲೇ ಬಂದಿತ್ತು. ಸೈಕಲ್ ಕೊಡಿಸ್ತೀನಿ ಅಂದಿತ್ತು, ಅಷ್ಟರಲ್ಲಿ ಅವಳು ಸೈಕಲ್ಲಿನ ವಯಸ್ಸು ದಾಟಿದಳು. ಜೋಗಕ್ಕೆ ಕರ್ಕೊಂಡು ಹೋಗ್ತೀನಿ ಅಂದಿತ್ತು, ಪ್ರತಿ ಮಳೆಗಾಲ ನೀರು ಬಿದ್ದು ಬಿದ್ದು ಇಳಿದುಹೋಯಿತು. ಈ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ, ಎದುರು ಮನೆಯ ರಾಮಚಂದ್ರಪ್ಪನವರ ಮುಂದೆಯೇ, "ಗಣಿತದಲ್ಲಿ ತೊಂಬತ್ತು ದಾಟು ಬೇಟಾ, ನೀನು ಏನು ಕೇಳಿದರೂ ಕೊಡ್ತೀನಿ" ಎಂದು ಘೋಷಿಸಿತ್ತು. ಇರಂಗೆ ಗಣಿತ ಎಂದರೆ ಹಾಗಲಕಾಯಿ ಎಂದು ಗೊತ್ತಿದ್ದೇ ಆಡಿದ ಧೈರ್ಯದ ಮಾತು ಅದು. ಇರಂ ಮೂಗು ಹಿಡಿದು ಹಾಗಲಕಾಯಿ ತಿಂದು ತೊಂಬತ್ತು ದಾಟಿಬಿಟ್ಟಳು.

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಅಬ್ಬಾಸ್ ಅಲಿ ಚಹಾಕ್ಕೆ ಬನ್ ಅದ್ದುತ್ತಿದ್ದಾಗ ಇರಂ ಎದುರು ಬಂದು ನಿಂತಳು.

"ಅಬ್ಬಾ, ನಾಳೆಯಿಂದ ಎಲ್ಲರ ಸಮ್ಮರ್ ಕ್ಯಾಂಪೂ ಶುರು. ನಂದು ಎಲ್ಲಿ?"

"ನಿಂದು ಯಾವುದು ಬೇಟಾ?"

"ವಾರದಿಂದ ಹೇಳ್ತಾ ಇದೀನಿ. ಸ್ಪ್ಯಾನಿಷ್ ಕ್ಯಾಂಪು. ಅಲ್ಲೇ ಉಳ್ಕೊಳೋದು. ಬೆಳಿಗ್ಗೆ ಎದ್ದಾಗಿಂದ ಮಲಗೋ ತನಕ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತೇ ಆಡಂಗಿಲ್ಲ. ಹಂಗಿದ್ರೇ ಭಾಷೆ ಬರೋದು."

"ಮನೇಲಿ ದಖ್ಖನಿ, ಬೀದೀಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್, ಮದರಸಾದಲ್ಲಿ ಅರಬ್ಬಿ. ಇಷ್ಟು ಸಾಲ್ದಾ? ಸ್ಪ್ಯಾನಿಷ್ ಕೈಕು, ಯಾಕೆ?"

"ಫುಟ್‌ಬಾಲ್ ಕಾಮೆಂಟರಿ ಅರ್ಥ ಆಗ್ಬೇಕು ನಂಗೆ. ಅವ್ರೂ ನಿಮ್ಮ ಹಂಗೇ ಉಸಿರು ಬಿಡ್ದೆ ಮಾತಾಡ್ತಾರೆ. ಆದ್ರೆ ಅವ್ರು ಗೋಲ್ ಅಂದ್ರೆ ಅಲ್ಲಿ ಗೋಲ್ ಆಗಿರುತ್ತೆ."

ಒಳಗಿನಿಂದ ಜಹಾನಾರಾ ನಕ್ಕದ್ದು ಕೇಳಿಸಿತು. ಅಬ್ಬಾಸ್ ಅಲಿಯ ಬನ್ನು ಚಹಾದೊಳಗೆ ಮುಳುಗಿತು. ಇರಂ ಮಾತ್ರ ನಗಲಿಲ್ಲ.

"ಇವತ್ತು ಸಾಯಂಕಾಲದೊಳಗೆ ಸಿಗ್ಲಿಲ್ಲ ಅಂದ್ರೆ ಬೇಜಾರಿಲ್ಲ ಅಬ್ಬಾ. ನಾನಿನ್ನು ನಿಮ್ಮನ್ನ ಏನೂ ಕೇಳಲ್ಲ, ಅಷ್ಟೇ."

ಅವಳು ಕೂಗಾಡಿದ್ದರೆ ಅಬ್ಬಾಸ್ ಅಲಿ ಇನ್ನೊಂದು ಮಾತು ಕೊಟ್ಟು ಸಮಾಧಾನ ಮಾಡುತ್ತಿದ್ದ. ಈ ತಣ್ಣನೆಯ ಮಾತು ಅವನ ಎದೆಗೆ ಚುಚ್ಚಿತು. ಮಕ್ಕಳು ಹಟ ಹಿಡಿದು ಕೇಳುವಷ್ಟು ದಿನ ಅಪ್ಪ ಅಪ್ಪನಾಗಿರುತ್ತಾನೆ. ಕೇಳುವುದನ್ನೇ ಬಿಟ್ಟರೆ ಅವನು ಮನೆಯಲ್ಲಿರುವ ಇನ್ನೊಂದು ಕುರ್ಚಿ. ಅವನು ಎದ್ದು ಚಪ್ಪಲಿ ಮೆಟ್ಟಿದ.

"ಸಾಯಂಕಾಲದೊಳಗೆ ಹುಡುಕಿ ತರ್ತೀನಿ. ಅಬ್ಬಾಸ್ ಅಲಿ ಮಾತು ಅಂದ್ರೆ ಮಾತು."

"ಹೌ, ಹೌ," ಎಂದಳು ಒಳಗಿನಿಂದ ಜಹಾನಾರಾ.

ನಿಜ ಹೇಳಬೇಕೆಂದರೆ ಅವನಿಗೆ ಇದರಲ್ಲಿ ಒಂದು ಸಣ್ಣ ಆಸೆಯೂ ಹುಟ್ಟಿತ್ತು. ಮಗಳು ಕ್ಯಾಂಪಿಗೆ ಹೋದರೆ ಜಹಾನಾರಾ ತರೀಕೆರೆಯ ತವರಿಗೆ ಹೋಗುತ್ತಾಳೆ. ಆಗ ಮಹಡಿಯ ಮೇಲಿನ ದೊಡ್ಡ ಹಾಲಿನಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಕೇರಂ ಆಡಬಹುದು, ಗಂಟಲು ಬೀಳುವವರೆಗೆ ಮಾತಾಡಬಹುದು.

ಗೇಟು ದಾಟುವಷ್ಟರಲ್ಲಿ ಎದುರು ಮನೆಯ ರಾಮಚಂದ್ರಪ್ಪನವರು ಸಿಕ್ಕಿದರು. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಬೀದಿಯಲ್ಲಿ ಯಾರು ಏನು ಕೇಳಿದರೂ "ಗೊತ್ತಿಲ್ಲ" ಎಂಬ ಮಾತು ಅವರ ಬಾಯಿಂದ ಇದುವರೆಗೆ ಬಂದದ್ದಿಲ್ಲ.

"ಸ್ಪ್ಯಾನಿಷ್ ತಾನೇ? ಇದಕ್ಕೆ ಯಾಕ್ರೀ ಇಷ್ಟು ಒದ್ದಾಟ? ನನ್ನ ಹಳೇ ಶಿಷ್ಯ ದುಶ್ಯಂತ್ ಇಲ್ವಾ, ಕೋಚಿಂಗ್ ಸೆಂಟರ್ ಇಟ್ಕೊಂಡಿದಾನಲ್ಲ, ಅಲ್ಲಿ ಹೋಗಿ. ಅವನ ಹತ್ರ ಇಲ್ಲದ ವಿದ್ಯೆ ಇಲ್ಲ. ನನ್ನ ಹೆಸರು ಹೇಳಿ."

ಪಕ್ಕದಲ್ಲಿ ಹೂ ಬಿಡಿಸುತ್ತಿದ್ದ ಅವರ ಹೆಂಡತಿ ಜಲಜಮ್ಮ, "ನಮ್ಮ ಭದ್ರಾವತಿ ಕಡೆ ಯಾರೋ..." ಎಂದು ಬಾಯಿ ತೆರೆದರು.

"ನೀ ಸುಮ್ನಿರು ಮಾರಾಯ್ತಿ. ಭದ್ರಾವತೀಲಿ ಎಲ್ಲಿಂದ ಬರ್ಬೇಕು ಸ್ಪ್ಯಾನಿಷ್ಷು!" ಎಂದರು ರಾಮಚಂದ್ರಪ್ಪ. ಜಲಜಮ್ಮ ಹೂವಿನ ಕಡೆ ತಿರುಗಿಕೊಂಡರು.

ದುಶ್ಯಂತನ ಸೆಂಟರಿನ ಬೋರ್ಡಿನಲ್ಲಿ ಅಬ್ಯಾಕಸ್, ಯೋಗ, ಕರಾಟೆ, ಕೈಬರಹ ಸುಧಾರಣೆ, ವ್ಯಕ್ತಿತ್ವ ವಿಕಸನ ಎಲ್ಲ ಇತ್ತು. ಒಳಗೆ ಒಬ್ಬನೇ ಮೇಷ್ಟ್ರು, ಅದು ದುಶ್ಯಂತನೇ. ಕರಾಟೆ ಪ್ಯಾಂಟಿನ ಮೇಲೆ ಟೈ ಕಟ್ಟಿಕೊಂಡಿದ್ದ.

"ಸ್ಪ್ಯಾನಿಷ್ ಇದೆಯಾ?" ಎಂದ ಅಬ್ಬಾಸ್ ಅಲಿ.

"ಇದೆ ಸಾರ್. ನಾಳೆಯಿಂದಾನೇ ಬ್ಯಾಚು. ಓಲಾ!"

"ಹಂಗಂದ್ರೆ?"

"ನಮಸ್ಕಾರ ಅಂತ. ನೋಡಿದ್ರಾ, ಆಗ್ಲೇ ನಿಮಗೆ ಒಂದು ಬಂತು."

ಅಬ್ಬಾಸ್ ಅಲಿಗೆ ಭಾರೀ ಸಂತೋಷವಾಯಿತು. ಬಿಸಿಲಿನಲ್ಲಿ ನಡೆದು ಬಂದಿದ್ದರಿಂದ, "ಕುಡಿಯೋಕೆ ನೀರು ಕೊಡಿ ಅನ್ನೋಕೆ ಏನಂತಾರೆ ಸಾರ್?" ಎಂದು ಕೇಳಿದ.

ದುಶ್ಯಂತ ಟೈ ಸರಿಮಾಡಿಕೊಂಡ. "ಅದು ಎರಡನೇ ವಾರ ಬರುತ್ತೆ."

"ಊಟ?"

"ಅದು ಅಡ್ವಾನ್ಸ್ ಕೋರ್ಸು ಸಾರ್."

ಮೊದಲ ವಾರವೆಲ್ಲ ಮಗಳು ನೀರಿಲ್ಲದೆ ನಮಸ್ಕಾರ ಮಾಡಿಕೊಂಡು ಕೂರುವ ಚಿತ್ರ ಅಬ್ಬಾಸ್ ಅಲಿಯ ಕಣ್ಣಿಗೆ ಕಟ್ಟಿತು. ಅವನು ವಿಸಿಟಿಂಗ್ ಕಾರ್ಡ್ ಕೊಟ್ಟು, "ಮನೆಗೆ ಬನ್ನಿ ಸಾರ್, ನಮ್ಮನೆ ಅಂದ್ರೆ ನಿಮ್ಮನೆ" ಎಂದು ಮರ್ಯಾದೆಯಿಂದ ಹೊರಬಿದ್ದ.

ಅಲ್ಲಿಂದ ಸೀದಾ ಹೋದದ್ದು ಗೆಳೆಯ ಮುಸ್ತಕೀಮನ ಪಂಕ್ಚರ್ ಅಂಗಡಿಗೆ. ಅಲ್ಲಿ ಟೈರುಗಳ ಮೇಲೆ ಕೂತು ಕೇರಂ ಗೆಳೆಯರೆಲ್ಲ ಈ ಸಮಸ್ಯೆಗೆ ತಲೆ ಕೊಟ್ಟರು. ಒಬ್ಬ, ಸ್ಪ್ಯಾನಿಷ್ ಬದಲು ತಮಿಳು ಕಲಿಸು, ಭದ್ರಾವತಿ ಪೇಟೇಲಾದ್ರೂ ಉಪಯೋಗಕ್ಕೆ ಬರುತ್ತೆ ಎಂದ. ಇನ್ನೊಬ್ಬ, ಮಗಳಿಗೆ ಹೊಸ ಫೋನ್ ಕೊಡಿಸಿ ಬಾಯಿ ಮುಚ್ಚಿಸು ಎಂದ. ಮುಸ್ತಕೀಮ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾ, "ಭಾಯ್, ತೂತು ಎಲ್ಲಿದೆ ಅಂತ ನಂಗೆ ಗೊತ್ತು. ನಿನ್ನ ಬಾಯಲ್ಲಿ" ಎಂದ. ಎಲ್ಲರೂ ನಕ್ಕರು, ಅಬ್ಬಾಸ್ ಅಲಿಯೂ ನಕ್ಕ, ಆದರೆ ಒಳಗೆ ನಗು ಬರಲಿಲ್ಲ.

ಆಗಲೇ ಫೋನ್ ಬಂತು. ಜಲಜಮ್ಮ. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಅಬ್ಬಾಸಣ್ಣ, ಯಜಮಾನ್ರು ಮಲಗಿದಾರೆ, ಅದಕ್ಕೇ ಫೋನ್ ಮಾಡ್ದೆ. ಭದ್ರಾವತಿ ಕಾಗದನಗರದಲ್ಲಿ ಬಂಗಾರಮ್ಮ ಅಂತ ಇದಾರೆ. ನಮ್ಮ ಅಕ್ಕನ ಮನೆ ಹತ್ರಾನೇ. ಅವರ ಯಜಮಾನ್ರು ಪೇಪರ್ ಮಷೀನಿನ ಫಿಟ್ಟರು, ಕೆಲಸಕ್ಕೆ ಅಂತ ಮೆಕ್ಸಿಕೋಗೆ ಹೋಗಿ ಗಂಡ ಹೆಂಡ್ತಿ ವರ್ಷಗಟ್ಲೆ ಅಲ್ಲೇ ಇದ್ರು. ಆಕೆ ಅಲ್ಲಿ ಸ್ಕೂಲಲ್ಲೇ ಪಾಠ ಮಾಡಿದೋರು. ಈಗ ಪ್ರತಿ ಬೇಸಿಗೆ ಮನೇಲೇ ಮಕ್ಕಳನ್ನ ಇಟ್ಕೊಂಡು ಆ ಭಾಷೆ ಕಲಿಸ್ತಾರೆ. ಬಾಗಿಲೊಳಗೆ ಬೇರೆ ಭಾಷೆ ಮಾತಾಡಂಗಿಲ್ವಂತೆ."

"ಜಲಜಕ್ಕಾ, ನಿಮ್ಮ ಬಾಯಿಗೆ ಸಕ್ಕರೆ ಹಾಕ!"

"ಹೋಗಿ ಬನ್ನಿ. ಒಂದು ಮಾತು, ಅಲ್ಲಿ ಸ್ವಲ್ಪ ಅಳೆದು ತೂಗಿ ಮಾತಾಡಿ. ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ."

ಅಬ್ಬಾಸ್ ಅಲಿ ಓಡಿಹೋಗಿ ಭದ್ರಾವತಿ ಮೇಲೆ ಹೋಗುವ ಬಸ್ಸು ಹತ್ತಿದ. ಬಸ್ಸು ನಿದಿಗೆ ಊರನ್ನು ದಾಟುವುದರೊಳಗೆ ಇರಂಳ ಗಣಿತದ ನಂಬರು ಡ್ರೈವರಿನಿಂದ ಹಿಡಿದು ಕೊನೆಯ ಸೀಟಿನವರೆಗೆ ಎಲ್ಲರಿಗೂ ಗೊತ್ತಾಗಿತ್ತು. "ಸ್ಪ್ಯಾನಿಷ್ಷಾ? ಇಂಗ್ಲಿಷ್ ಪೂರ್ತಿ ಮುಗಿಸಿದಾಳಾ?" ಎಂದು ಕಂಡಕ್ಟರ್ ವಿಚಾರಿಸಿದ. ಪಕ್ಕದ ಅಜ್ಜಿಯೊಬ್ಬರು, "ಹೆಣ್ಣುಹುಡುಗಿ ಕಣಪ್ಪ, ಹಪ್ಪಳ ಸಂಡಿಗೆ ಮಾಡೋ ಕ್ಯಾಂಪಿಗೆ ಹಾಕು" ಎಂದರು. ಅಬ್ಬಾಸ್ ಅಲಿ ಅಜ್ಜಿಗೆ ಉತ್ತರ ಕೊಟ್ಟು, ಕಂಡಕ್ಟರಿಗೆ ಉತ್ತರ ಕೊಟ್ಟು, ಅಡ್ಡ ಬಾಯಿ ಹಾಕಿದ ಅಡಿಕೆ ವ್ಯಾಪಾರಿಗೂ ಉತ್ತರ ಕೊಟ್ಟು, ಎಲ್ಲರಿಗೂ ಕಾರ್ಡ್ ಹಂಚಿ ತಲೆಯೆತ್ತಿದಾಗ ಬಸ್ಸು ಭದ್ರಾವತಿಯನ್ನೇ ದಾಟಿ ತರೀಕೆರೆ ರಸ್ತೆ ಹಿಡಿದಿತ್ತು.

"ಇಳಿಸ್ರೀ!" ಎಂದು ಕೂಗಿಕೊಂಡು ಧುಮುಕುವಾಗ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಮೇ ತಿಂಗಳ ಡಾಂಬರು ಕಾದ ಕಾವಲಿಯಂತಿತ್ತು. ಆಟೋ ಸಿಗುವವರೆಗೆ ಅವನು ಒಂದು ಕಾಲಲ್ಲಿ ನಡೆದು, ಇನ್ನೊಂದು ಕಾಲಲ್ಲಿ ಕುಣಿದು ಬಂದ. ಅದೇ ಹೊತ್ತಿಗೆ, ಬೆಳಗಿನಿಂದ ಪುರುಸೊತ್ತಿಲ್ಲದೆ ದುಡಿದ ಅವನ ಫೋನಿನ ಬ್ಯಾಟರಿಯೂ ಪ್ರಾಣ ಬಿಟ್ಟಿತು.

ಕಾಗದನಗರದ ಕ್ವಾರ್ಟರ್ಸ್ ಸಾಲಿನ ಕೊನೆಯ ಮನೆ ಅದು. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ವಯಸ್ಸಾದ ಗಂಡಸೊಬ್ಬರು ಒಬ್ಬರೇ ನಿಂತಿದ್ದರು. ಅಬ್ಬಾಸ್ ಅಲಿ "ನಮಸ್ಕಾರ ಯಜಮಾನ್ರೆ" ಎಂದದ್ದೇ ತಡ, ಅವರು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಕನ್ನಡ! ಇನ್ನೊಂದ್ಸಲ ಅನ್ನಿ ಸಾಹೇಬ್ರೆ. ಯಾವೂರು? ಮಳೆ ಆಯ್ತಾ? ಅಡಿಕೆ ರೇಟು ಹೆಂಗಿದೆ? ಊಟ ಆಯ್ತಾ? ಏನಾದ್ರೂ ಮಾತಾಡಿ!"

ಅವರೇ ಬಂಗಾರಮ್ಮನವರ ಯಜಮಾನರು ನಾಗಯ್ಯ. ಗೇಟಿನ ಒಳಗೆ ಕಾಲಿಟ್ಟರೆ ಕನ್ನಡ ಇಲ್ಲ. ಸ್ಪ್ಯಾನಿಷ್ ಕೇಳಿದರೆ ಅರ್ಥವಾಗುತ್ತದೆ, ಆದರೆ ಮಷೀನಿನ ಭಾಷೆಯಷ್ಟು ಸರಾಗವಾಗಿ ಆಡಲು ಅವರಿಗೆ ಬರುವುದಿಲ್ಲ. ಹಾಗಾಗಿ ಒಳಗೆ ಮೂಕ, ಹೊರಗೆ ಮರದ ಕೆಳಗೆ ಮಾತು.

"ಅಷ್ಟು ವರ್ಷ ಮೆಕ್ಸಿಕೋದಲ್ಲಿ ಕನ್ನಡಕ್ಕೆ ಒದ್ದಾಡ್ದೆ. ನಿವೃತ್ತಿ ಆದ್ಮೇಲೆ ಊರಲ್ಲಿ ಹೊಟ್ಟೆ ತುಂಬ ಮಾತಾಡೋಣ ಅಂತ ಬಂದೆ. ಇವಳು ಕ್ಯಾಂಪು ಶುರು ಮಾಡಿದ್ಲು," ಎಂದು ನಾಗಯ್ಯ ನಿಟ್ಟುಸಿರು ಬಿಟ್ಟರು. ಅಬ್ಬಾಸ್ ಅಲಿಗೆ ಅವರ ಮೇಲೆ ತುಂಬ ಕನಿಕರ ಹುಟ್ಟಿತು. ಸ್ವಂತ ಮನೆಯ ಹೊರಗೆ ನಿಂತು ಮಾತಾಡಬೇಕಾದ ಗಂಡಸಿನ ಬಾಳು ಯಾವ ವೈರಿಗೂ ಬೇಡ ಎಂದುಕೊಂಡ. ನಾಗಯ್ಯನವರು ಅವನ ಬರಿಗಾಲು ನೋಡಿ ತಮ್ಮ ಚಪ್ಪಲಿ ಬಿಚ್ಚಿ ಕೊಟ್ಟರು. "ಹಾಕ್ಕೊಳ್ಳಿ, ನಾನೆಲ್ಲಿಗೆ ಹೋಗ್ಬೇಕು!"

ಅಷ್ಟರಲ್ಲಿ ಬಂಗಾರಮ್ಮ ಗೇಟಿಗೆ ಬಂದರು. ಎತ್ತರದ ಹೆಂಗಸು, ಕನ್ನಡಕಕ್ಕೆ ದಾರ. ಒಂದು ಹೆಜ್ಜೆ ಗೇಟಿನಿಂದ ಹೊರಗಿಟ್ಟು ಆಮೇಲೆಯೇ ಕನ್ನಡಕ್ಕೆ ಇಳಿದರು.

"ಈ ವರ್ಷ ಕ್ಯಾಂಪು ಇಲ್ಲ. ಬರೋ ಮಕ್ಕಳ ಮನೆಗೂ ಹೇಳ್ಬಿಟ್ಟಿದೀನಿ."

ಅವರ ಹಿಂದೆ ಮನೆಯ ಹೆಂಚೆಲ್ಲ ಇಳಿಸಿ ಅಂಗಳದಲ್ಲಿ ಜೋಡಿಸಿತ್ತು. ಬೆಂಚು, ಹಾಸಿಗೆ, ಕರಿಹಲಗೆ ಹೊರಗೆ ಬಿದ್ದಿದ್ದವು. ಅಬ್ಬಾಸ್ ಅಲಿಯ ಕಣ್ಣು ಇದನ್ನೆಲ್ಲ ನೋಡಿತು. ಆದರೆ ಕಣ್ಣು ಕಂಡದ್ದು ತಲೆಗೆ ತಲುಪುವುದಕ್ಕೆ ಮುಂಚೆ ಬಾಯಿ ಹೊರಟುಬಿಟ್ಟಿತ್ತು.

ಅವನು ಎಲ್ಲವನ್ನೂ ಹೇಳಿದ. ತೊಂಬತ್ತು ದಾಟಿದ್ದು, ಬಾರದ ಸೈಕಲ್ಲು, ನೋಡದ ಜೋಗ. ಕೊನೆಗೆ, "ಬೈದ್ರೆ ಬೈಸ್ಕೊಳ್ತೀನಿ ಮೇಡಂ. ಇನ್ನು ಏನೂ ಕೇಳಲ್ಲ ಅಂದ್ಬಿಟ್ಲು. ಅದೊಂದು ತಡ್ಕೊಳೋಕೆ ಆಗಲ್ಲ" ಎಂದು ಕೈ ಮುಗಿದ. ನಾಗಯ್ಯನವರು ಕಣ್ಣೊರೆಸಿಕೊಂಡರು. ಬಂಗಾರಮ್ಮನವರ ಮುಖವೂ ಸ್ವಲ್ಪ ಸಡಿಲವಾಯಿತು.

"ನಿಮ್ಮ ಮನೆ ಎಲ್ಲಿ?" ಎಂದು ಕೇಳಿದರು.

ಅಬ್ಬಾಸ್ ಅಲಿ ಚುರುಕಾದ. ಮಗುವನ್ನು ಸೇರಿಸಿಕೊಳ್ಳುವ ಮುಂಚೆ ಮನೆತನ ವಿಚಾರಿಸುತ್ತಿದ್ದಾರೆ! ದೊಡ್ಡ ಸ್ಕೂಲುಗಳಲ್ಲಿ ಅಪ್ಪ ಅಮ್ಮನನ್ನೂ ಇಂಟರ್‌ವ್ಯೂ ಮಾಡುತ್ತಾರೆಂದು ಅವನು ಕೇಳಿದ್ದ. ಹೆಣ್ಣು ನೋಡಲು ಬಂದವರ ಮುಂದೆ ಅಪ್ಪ ನಿಲ್ಲುವಂತೆ ನೆಟ್ಟಗೆ ನಿಂತ.

"ಹೊಸಮನೆ ಮೇಡಂ. ಸ್ವಂತದ್ದು."

"ಎಷ್ಟು ದೊಡ್ಡದು?"

"ಕೆಳಗೆ ನಾವು. ಮೇಲೆ ಒಂದೇ ದೊಡ್ಡ ಹಾಲು, ಮದುವೆ ಮಾಡ್ಬಹುದು. ಬಾತ್‌ರೂಮ್ ಬೇರೆ, ಪಕ್ಕದಲ್ಲಿ ಒಂದು ರೂಮ್ ಬೇರೆ."

"ಫ್ಯಾನು?"

"ಹಾಕಿದ್ರೆ ಚಳಿ ಆಗ್ಬೇಕು."

"ನೀರು?"

"ಬೋರ್ ಇದೆ. ಬೀದಿಗೆಲ್ಲ ನಾವೇ ಕೊಡೋದು."

"ಅಡುಗೆ ಯಾರು ಮಾಡೋದು?"

"ನಮ್ಮ ಜಹಾನಾರಾ. ಇಪ್ಪತ್ತು ಜನ ಒಟ್ಟಿಗೆ ಬಂದ್ರೂ ಮುಖ ಸಿಂಡರಿಸೋಳಲ್ಲ." ಇದನ್ನು ಹೇಳುವಾಗ ಅವನಿಗೆ ಸಿಲಿಂಡರಿನವನ ದಿನದ ಜಹಾನಾರಾಳ ಮುಖ ಒಂದು ಗಳಿಗೆ ನೆನಪಾಯಿತು. ಅದನ್ನು ಪಕ್ಕಕ್ಕೆ ತಳ್ಳಿದ.

"ಮನೇಲಿ ಜಾಸ್ತಿ ಮಾತಾಡೋರು ಯಾರಾದ್ರೂ ಇದಾರಾ?"

ಅರ್ಧ ಗಂಟೆಯಿಂದ ಒಂದೇ ಸಮನೆ ಮಾತಾಡುತ್ತಿದ್ದ ಅಬ್ಬಾಸ್ ಅಲಿ, "ಇಲ್ಲವೇ ಇಲ್ಲ ಮೇಡಂ. ನಮ್ದು ಬಹಳ ಶಾಂತ ಮನೆ" ಎಂದ. ನಾಗಯ್ಯನವರು ಕೆಮ್ಮಿದರು.

ಅಬ್ಬಾಸ್ ಅಲಿ ಕೊನೆಯ ಬಾಣವೆಂಬಂತೆ ಜೇಬಿನಿಂದ ಕಾರ್ಡ್ ತೆಗೆದು ಎರಡೂ ಕೈಯಲ್ಲಿ ಒಪ್ಪಿಸಿದ.

"ಹಿಂದುಗಡೆ ಮನೆ ದಾರಿ ಇದೆ ಮೇಡಂ. ಯಾವಾಗ ಬೇಕಾದ್ರೂ ಬಂದು ನೋಡಿ. ನಮ್ಮನೆ ಅಂದ್ರೆ ನಿಮ್ಮನೆ."

ಬಂಗಾರಮ್ಮ ಅವನನ್ನೇ ದಿಟ್ಟಿಸಿ ನೋಡಿದರು. "ಮನಸ್ಸಿಂದ ಹೇಳ್ತಾ ಇದೀರಾ?"

"ಅಬ್ಬಾಸ್ ಅಲಿ ಮಾತು ಅಂದ್ರೆ ಮಾತು."

"ಹಾಗಾದ್ರೆ ಕ್ಯಾಂಪು ಆಗುತ್ತೆ. ನಾಳೆ ಬೆಳಿಗ್ಗೆಯಿಂದ ಹದಿನೈದು ದಿನ. ಮಗಳಿಗೆ ತಯಾರಾಗಿರೋಕೆ ಹೇಳಿ. ನೀವು ದೊಡ್ಡ ಮನುಷ್ಯರು."

ದೊಡ್ಡ ಮನುಷ್ಯ ಗಾಳಿಯಲ್ಲಿ ತೇಲುತ್ತಾ ಶಿವಮೊಗ್ಗಕ್ಕೆ ಬಂದ. ಸೀದಾ ಮನೆಗೆ ಹೋಗಬಹುದಿತ್ತು. ಆದರೆ ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಪಂಕ್ಚರ್ ಅಂಗಡಿ ದಾಟುವುದು ಅವನಿಂದ ಆಗುವ ಕೆಲಸವಲ್ಲ. ಎಲ್ಲರಿಗೂ ಖಾರ ಮಂಡಕ್ಕಿ, ಮಿರ್ಚಿ ಬಜ್ಜಿ ತರಿಸಿ, ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ತಡವಾಗಿ ಬಂದವರಿಗೆ ಮತ್ತೆ ಮೊದಲಿನಿಂದ ಹೇಳಿದ. "ನಾಳೆಯಿಂದ ಹದಿನೈದು ದಿನ ಮೇಲಿನ ಹಾಲು ನಮ್ದೇ. ಕೇರಂ ಬೋರ್ಡಿಗೆ ಪೌಡರ್ ತನ್ನಿ" ಎಂದು ಆಹ್ವಾನ ಕೊಟ್ಟ. ಆಮೇಲೆ ಪೇಟೆಗೆ ಹೋಗಿ, ಮಗಳಿಗೆ ಗಾಲಿ ಇರುವ ಕೆಂಪು ಬ್ಯಾಗು ಕೊಂಡು, ಅದನ್ನು ಗಡಗಡ ಎಳೆದುಕೊಂಡು ಬೀದಿಗೆ ಬರುವಾಗ ಹೊತ್ತು ಮುಳುಗುತ್ತಿತ್ತು.

ಮನೆಯ ಮುಂದಿನಿಂದ ಖಾಲಿ ಗೂಡ್ಸ್ ಆಟೋವೊಂದು ಹೊರಟುಹೋಯಿತು. ಗೇಟಿನ ಹೊರಗಿನ ಕಲ್ಲುಕಟ್ಟೆಯ ಮೇಲೆ ಯಾರೋ ಬರಿಗಾಲಲ್ಲಿ ಕೂತಿದ್ದರು.

"ಚಪ್ಪಲಿ ಸರಿ ಆಯ್ತಾ ಸಾಹೇಬ್ರೆ?" ಎಂದರು ನಾಗಯ್ಯ.

ಅಬ್ಬಾಸ್ ಅಲಿಯ ಬಾಯಿ ತೆರೆಯಿತು. ಮಾತು ಬರಲಿಲ್ಲ. ಅವನ ಜೀವನದಲ್ಲಿ ಅದು ಮೊದಲ ಸಲ.

"ಮನೆ ಹೆಂಚು ಇಳಿಸಿದ್ವಲ್ಲ, ಜಾಗ ಇಲ್ದೆ ಕ್ಯಾಂಪು ನಿಂತೋಗಿತ್ತು," ಎಂದು ನಾಗಯ್ಯ ವಿವರಿಸಿದರು. "ನಾನು ದೇವರಿಗೆ ಹರಕೆ ಹೊತ್ಕೊಂಡಿದ್ದೆ, ನಿಂತಿದ್ದು ನಿಂತೇ ಇರ್ಲಿ ಅಂತ. ನೀವು ಬಂದ್ರಿ. ಮನೇನೇ ಬಿಟ್ಕೊಟ್ರಿ."

ಆಗ ಇರಂ ಒಳಗಿನಿಂದ ಓಡಿಬಂದಳು. ಗೇಟು ದಾಟಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. "ಅಬ್ಬಾ! ನೀವು ಮಾತು ಉಳಿಸ್ಕೊಂಡ್ರಿ! ಎಲ್ಲೂ ಸಿಗ್ಲಿಲ್ಲ ಅಂತ ಕ್ಯಾಂಪನ್ನೇ ಮನೆಗೆ ಕರ್ಕೊಂಡ್ ಬಂದ್ರಲ್ಲ! ಹತ್ತು ಜನ ಬರ್ತಾರಂತೆ. ಯಾರಪ್ಪಾನೂ ಹಿಂಗ್ ಮಾಡಲ್ಲ!"

ಹೇಳಬೇಕೆಂದಿದ್ದ ನೂರು ಮಾತು ಅಬ್ಬಾಸ್ ಅಲಿಯ ನಾಲಿಗೆಯ ತುದಿಗೆ ಬಂದು, ಮಗಳ ಮುಖ ನೋಡಿ, ಹಿಂದಕ್ಕೆ ಹೋದವು. ಈ ಮುಖವನ್ನು ಅವನು ಸೈಕಲ್ಲಿನ ಮಾತು ಕೊಟ್ಟ ದಿನ ನೋಡಿದ್ದ, ಆಮೇಲೆ ನೋಡಿರಲಿಲ್ಲ. "ಮತ್ತೆ? ಅಬ್ಬಾಸ್ ಅಲಿ ಅಂದ್ರೆ ಏನಂದ್ಕೊಂಡೆ?" ಎಂದ, ಕೆಂಪು ಬ್ಯಾಗನ್ನು ಬೆನ್ನ ಹಿಂದೆ ಬಚ್ಚಿಡುತ್ತಾ.

ಜಹಾನಾರಾ ಗೇಟಿನ ಹೊರಗೆ ಬಂದಳು. ಬಯ್ಯುತ್ತಾಳೆಂದು ಅವನು ತಲೆ ತಗ್ಗಿಸಿದ. ಅವಳ ಮುಖದಲ್ಲಿ ಮದುವೆಯ ದಿನವೂ ಇರದಿದ್ದ ಕಳೆ ಇತ್ತು.

"ಮೊದ್ಲು ನಕ್ಕೋ, ಬೇಡ ಅಂತಾನೇ ಹೇಳೋಳಿದ್ದೆ. ಅಷ್ಟರಲ್ಲಿ ಮೇಡಂ ನಿಯಮ ಹೇಳಿದ್ರು. ಗೇಟಿನೊಳಗೆ ಬೇರೆ ಭಾಷೆ ಇಲ್ಲ, ಇವತ್ತಿಂದಾನೇ. ಮನೆಯವರಿಗೂ ಅದೇ. ಮನೆಯವರು ತಪ್ಪಿದ್ರೆ ಆ ಮನೆ ಮಗು ಕ್ಯಾಂಪಿಂದ ಹೊರಗೆ." ಅವಳು ಆಕಾಶದ ಕಡೆ ಕೃತಜ್ಞತೆಯಿಂದ ನೋಡಿದಳು. "ಹದಿನೈದು ದಿನ ಜೀ! ನಾನು ಸುಮ್ನೆ ಇರೋಕೆ ರೆಡಿ. ನಿಮ್ಮ ಕತೆ ನಿಮಗೆ ಬಿಟ್ಟಿದ್ದು."

ತಾಯಿ ಮಗಳು ಒಳಗೆ ಹೋದರು. ಮಹಡಿಯ ಮೇಲೆ ಗಂಟೆ ಬಾರಿಸಿತು. ಅಬ್ಬಾಸ್ ಅಲಿ ತನ್ನ ಮನೆಯೊಳಗೆ ಕಾಲಿಟ್ಟು, ಅಭ್ಯಾಸದಂತೆ, "ಒಂದು ಚಹಾ..." ಎಂದ. ಮೆಟ್ಟಿಲ ಮೇಲಿಂದ ಬಂಗಾರಮ್ಮನವರ ತೋರುಬೆರಳು ಎದ್ದಿತು. ಪಕ್ಕದಲ್ಲಿದ್ದ ಇರಂ ಬಿಳಿಚಿಕೊಂಡಳು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಮೇಲೆ ಹೋಗಿ ನೋಡಿದ. ಹಾಲಿನ ತುಂಬ ಬೆಂಚುಗಳು. ಅವನ ಕೇರಂ ಬೋರ್ಡನ್ನು ಹಿಂದುಮುಂದು ಮಾಡಿ ಗೋಡೆಗೆ ಒರಗಿಸಿ ಅದರ ಮೇಲೆ ಅಕ್ಷರ ಬರೆದಿದ್ದರು. ಅವನು ಮೆಲ್ಲಗೆ ಇಳಿದು, ಗೇಟು ದಾಟಿ, ಕಟ್ಟೆಯ ಮೇಲೆ ನಾಗಯ್ಯನವರ ಪಕ್ಕ ಕೂತ.

ಪೌಡರ್ ಡಬ್ಬಿ ಹಿಡಿದು ಬಂದ ಮುಸ್ತಕೀಮನೂ ಗೆಳೆಯರೂ ಸಂಗತಿ ಕೇಳಿ, ನಗು ತಡೆಯಲಾರದೆ ಗೋಡೆ ಹಿಡಿದುಕೊಂಡು ಹೋದರು. ರಾಮಚಂದ್ರಪ್ಪನವರು ಎದುರು ಮನೆಯಿಂದ, "ನಾನು ಹೇಳಿರ್ಲಿಲ್ವಾ, ಭದ್ರಾವತೀಲೇ ಸಿಗುತ್ತೆ ಅಂತ!" ಎಂದು ಕೂಗಿದರು. ಒಳಗಿನಿಂದ ಈರುಳ್ಳಿ ಹುರಿಯುವ ವಾಸನೆ ಬಂತು. ಬೆಳಿಗ್ಗೆ ಮುಳುಗಿದ ಬನ್ನು, ಸಂಜೆಯ ಮಂಡಕ್ಕಿ ಬಿಟ್ಟರೆ ಅಬ್ಬಾಸ್ ಅಲಿಯ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಳಗೆ ಹೋಗಿ ಬಾಯಿ ಮುಚ್ಚಿಕೊಂಡು ಉಣ್ಣಬಹುದಿತ್ತು. ಆದರೆ ಬಾಯಿ ತೆರೆದರೆ ಅನ್ನದ ಜೊತೆ ಮಾತೂ ಓಡಾಡುವುದು ಅವನ ಹುಟ್ಟುಗುಣ. ಒಂದು ಮಾತು ಜಾರಿದರೆ ಇರಂ ಹೊರಗೆ.

ಇರಂಗೆ ಅಪ್ಪನ ಕಷ್ಟ ತಿಳಿಯದಿರಲಿಲ್ಲ. ಅವಳು ಗೇಟಿನ ಹೊರಗೆ ಬಂದು ಅವನ ಪಕ್ಕ ಕೂತಳು.

"ಅಬ್ಬಾ, ಒಂದೇ ಒಂದು ವಾಕ್ಯ ಕಲ್ತ್ಕೊಳ್ಳಿ. ನೀವು ದಿನಾ ಹೇಳೋದೇ. ಸ್ಪ್ಯಾನಿಷ್‌ನಲ್ಲೂ ಅದೇ ಮಾತಿದೆ, ಹಂಗೆಹಂಗೇ. ಮೇಡಂ ಈಗಷ್ಟೇ ಹೇಳ್ಕೊಟ್ರು. ಮಿ ಕಾಸಾ ಎಸ್ ಸು ಕಾಸಾ. ನಮ್ಮನೆ ಅಂದ್ರೆ ನಿಮ್ಮನೆ. ಇದನ್ನ ಹೇಳಿ ಒಳಗೆ ಬನ್ನಿ, ಮೇಡಂ ಖುಷಿಪಡ್ತಾರೆ. ಆಮೇಲೆ ಅವ್ರು ಏನಂದ್ರೂ ಬಾಯಿ ತೆರೀಬೇಡಿ."

"ಆ ದೇಶದವರೂ ಹಂಗೇ ಹೇಳ್ತಾರಾ?" ಅಬ್ಬಾಸ್ ಅಲಿಯ ಕಣ್ಣು ಅರಳಿತು. ಸಮುದ್ರದಾಚೆ ತನ್ನಂಥವರ ಒಂದು ದೇಶವೇ ಇದೆ ಎಂದು ತಿಳಿದು ಅವನಿಗೆ ಬಹಳ ಸಮಾಧಾನವಾಯಿತು. ನಾಗಯ್ಯನವರ ಮುಂದೆ ಹತ್ತು ಸಲ ಉರು ಹೊಡೆದು, ಎದೆಯುಬ್ಬಿಸಿ ಒಳಗೆ ಹೋದ.

ಬಂಗಾರಮ್ಮ ಊಟಕ್ಕೆ ಕೂರುತ್ತಿದ್ದರು. ಅಬ್ಬಾಸ್ ಅಲಿ ಎದೆಯ ಮೇಲೆ ಕೈಯಿಟ್ಟು, ತನ್ನ ಜನ್ಮದ ಅಕ್ಕರೆಯನ್ನೆಲ್ಲ ಸುರಿದು ಹೇಳಿದ:

"ಮಿ ಕಾಸಾ ಎಸ್ ಸು ಕಾಸಾ!"

ಬಂಗಾರಮ್ಮನವರ ಕನ್ನಡಕ ಮಂಜಾಯಿತು. ಅವರು ಎದ್ದು ನಿಂತು, ಅವನ ಕೈ ಹಿಡಿದು, ಸ್ಪ್ಯಾನಿಷ್‌ನಲ್ಲಿ ಏನೋ ದೀರ್ಘವಾಗಿ ಕೇಳಿದರು. ಬಾಯಿ ತೆರೆಯಬೇಡಿ ಎಂದು ಮಗಳು ಹೇಳಿದ್ದು ಅಬ್ಬಾಸ್ ಅಲಿಗೆ ನೆನಪಿತ್ತು. ಬಾಯಿ ತೆರೆಯಲಿಲ್ಲ. ಆದರೆ ಒಬ್ಬರು ಅಷ್ಟು ಪ್ರೀತಿಯಿಂದ ಕೇಳುವಾಗ ಕಂಬದಂತೆ ನಿಲ್ಲುವುದು ಮರ್ಯಾದೆಯಲ್ಲವೆಂದು ಧಾರಾಳವಾಗಿ ತಲೆಯಾಡಿಸಿದ. ಅವರು ಇನ್ನೊಂದು ಕೇಳಿದರು. ಅದಕ್ಕೂ ಆಡಿಸಿದ. ಜಹಾನಾರಾಳ ಕೈಯಲ್ಲಿದ್ದ ಸೌಟು ನಿಂತಿತು. ಇರಂ ಅಪ್ಪನ ತೋಳು ಹಿಡಿದು ಗೇಟಿನ ಹೊರಗೆ ಎಳೆದುಕೊಂಡು ಬಂದಳು.

"ಏನು ಕೇಳಿದ್ರು ಬೇಟಾ?"

"ನಂಗೂ ಪೂರ್ತಿ ಗೊತ್ತಾಗ್ಲಿಲ್ಲ," ಎಂದಳು ಇರಂ ನಗು ತಡೆದುಕೊಳ್ಳುತ್ತಾ. "ಕೈಬೆರಳು ಎಣಿಸಿ ತೋರಿಸಿದ್ರಲ್ಲ. ಎರಡನೇ ಬ್ಯಾಚು, ಇನ್ನೂ ಹದಿನೈದು ದಿನ ಅಂತ ಕಾಣುತ್ತೆ."

"ಪೂರ್ತಿ ನಂಗೆ ಗೊತ್ತಾಗುತ್ತೆ," ಎಂದರು ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ನಾಗಯ್ಯ. ಅವರ ದನಿ ತುಂಬ ಸಣ್ಣದಾಗಿತ್ತು. "ಮಕ್ಕಳದ್ದು ಎರಡನೇ ಬ್ಯಾಚು. ಅದಾದ್ಮೇಲೆ ದೊಡ್ಡೋರಿಗೆ ಒಂದು. ಅದಕ್ಕೆ ಮೊದಲ್ನೇ ಹೆಸರು ನಿಮ್ಮದು ಬರ್ಕೊಳ್ಲಾ ಅಂತ ಕೇಳಿದ್ಲು. ಎರಡಕ್ಕೂ ತಲೆ ಆಡಿಸಿದ್ರಿ."

ನಾಗಯ್ಯನವರು ಕಲ್ಲುಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

"ಬನ್ನಿ ಸಾಹೇಬ್ರೆ, ಕೂತ್ಕೊಳ್ಳಿ," ಎಂದರು. "ಈ ಕಟ್ಟೆ ಅಂದ್ರೆ ನಿಮ್ಮ ಕಟ್ಟೆ."